ಆಟಗಾರನನ್ನು ತೂಗುವ ತಕ್ಕಡಿ

ನಮ್ಮ ಲಿಂಗರಾಜಪುರದಲ್ಲಿ ಕ್ರಿಕೆಟ್ಟಿನ ಮಾತೆದ್ದಾಗ ಜಾವಗಲ್ ಶ್ರೀನಾಥ್ ಅವರ ಹೆಸರಿನೊಡನೆ 2003ರ ವಿಶ್ವಕಪ್ ಅಂತಿಮ ಪಂದ್ಯವೂ ಬಂದೇ ಬರುತ್ತದೆ. ಜೋಹಾನ್ಸ್‌ಬರ್ಗಿನಲ್ಲಿ ಅಂದು ಅವರು 10 ಓವರುಗಳಲ್ಲಿ 87 ರನ್ ಕೊಟ್ಟರು; ವಿಕೆಟ್ ಒಂದೂ ದೊರೆಯಲಿಲ್ಲ. ಅದೇ ಅವರ ಕಡೆಯ ಅಂತರರಾಷ್ಟ್ರೀಯ ಪಂದ್ಯವಾದುದರಿಂದ ಜನರ ನೆನಪಿಗೆ ಅಂಟಿಕೊಂಡಿದೆ. ಆ ಪಂದ್ಯಾವಳಿಯಲ್ಲಿಯೇ ಅವರು 16 ವಿಕೆಟ್ ಪಡೆದುದನ್ನು ಎಷ್ಟು ಮಂದಿ ಹೇಳುತ್ತಾರೆ?

ಸೋಲನ್ನು ಒಬ್ಬನ ತಲೆಗೆ ಕಟ್ಟುವುದು ಅಭಿಮಾನಿಗಳಾದ ನಮಗೆ ಬಲು ಸುಲಭ. 1999ರ ಫೆಬ್ರವರಿಯಲ್ಲಿ ಕಲ್ಕತ್ತೆಯ ಟೆಸ್ಟ್‌ನಲ್ಲಿ ಪಾಕಿಸ್ತಾನದ ವಿರುದ್ಧ ಶ್ರೀನಾಥ್ 13 ವಿಕೆಟ್ ಕಿತ್ತರು. ಎರಡನೆಯ ಇನಿಂಗ್ಸ್ ಒಂದರಲ್ಲಿಯೇ ಎಂಟು! ಆದರೂ ಭಾರತ 46 ರನ್ನುಗಳಿಂದ ಸೋತಿತು. ಗೆಲುವೊಂದೇ ಅಳತೆಗೋಲಾದರೆ ಆ ಕಾಯಕಕ್ಕೆ ಬೆಲೆಯೇ ಇಲ್ಲವೆನ್ನಬೇಕಾಗುತ್ತದೆ. ಹಣ ಪಡೆದು ಆಡುವವರು ಮಾತು ಕೇಳಲೇಬೇಕೆಂಬ ವಾದವೂ ಉಂಟು. ಕೇಳಲಿ, ಬೇಡವೆನ್ನೆವು. ಆದರೆ ವೇಗದ ಬೌಲರನಿಗೆ ಒಲಿಯದ ನಮ್ಮ ನಾಡಿನ ಪಿಚ್‌ಗಳಲ್ಲಿ ಬೆವರು ಹರಿಸುತ್ತ 67 ಟೆಸ್ಟ್‌ಗಳಲ್ಲಿ 236 ವಿಕೆಟ್ ಗಳಿಸಿದುದನ್ನೂ ತಕ್ಕಡಿಗೆ ಹಾಕಬೇಕಷ್ಟೆ.

1996ರ ಅಕ್ಟೋಬರಿನಲ್ಲಿ ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆಸ್ಟ್ರೇಲಿಯದ ಎದುರು ಎಂಟು ವಿಕೆಟ್ ಬಿದ್ದು ಆಸೆ ಕಮರಿತ್ತು. ಆಗ ಶ್ರೀನಾಥ್ ಮತ್ತು ಅನಿಲ್ ಕುಂಬ್ಳೆ, ಇಬ್ಬರೂ ಬೌಲರುಗಳೇ, ಮುರಿಯದ ಜೊತೆಯಾಟದಲ್ಲಿ 52 ರನ್ ಸೇರಿಸಿ ಪಂದ್ಯ ಗೆದ್ದುಕೊಟ್ಟರು. ಇಬ್ಬರ ತಾಯಂದಿರೂ ಅಂದು ಪ್ರೇಕ್ಷಕರ ನಡುವೆ ಕುಳಿತಿದ್ದರು. ಮೈದಾನದಲ್ಲಿರುವವನೂ ಒಂದು ಮನೆಯ ಮಗನೆಂಬುದು ಆ ಸಂಜೆ ಬೆಂಗಳೂರಿಗೆಲ್ಲ ಕಂಡಿತ್ತು.