ಕಡತದ ಅಭ್ಯಾಸಗಳಲ್ಲಿ ಕನ್ನಡ ಪಠ್ಯಕ್ಕೆ ಸ್ಥಾನ ಕೋರಿ ಮನವಿ

ಇವರ ಸನ್ನಿಧಿಗೆ:
ಮಾನ್ಯ ಕುಲಪತಿಗಳು ಹಾಗೂ ವಿದ್ಯಾವಿಷಯಕ ಪರಿಷತ್ತಿನ ಸದಸ್ಯರು,
ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಜ್ಞಾನ ಸಂಗಮ, ಬೆಳಗಾವಿ.

ಇವರಿಂದ:
ಬೆಂಗಳೂರು ದಕ್ಷಿಣದ ಉತ್ತರಹಳ್ಳಿ ಹಾಗೂ ಸುತ್ತಣ ಬಡಾವಣೆಗಳ ವಿದ್ಯಾರ್ಥಿಗಳು, ಪೋಷಕರು, ನಿವೃತ್ತ ಅಧ್ಯಾಪಕರು ಮತ್ತು ತಂತ್ರಾಂಶ ವೃತ್ತಿಯವರು.

ವಿಷಯ: ಪ್ರಥಮ ವರ್ಷದ ಸಿ ಭಾಷೆಯ ಲ್ಯಾಬಿನಲ್ಲಿ ಪಠ್ಯ ಕಡತಗಳನ್ನು ಓದುವ ಹಾಗೂ ಬರೆಯುವ ಅಭ್ಯಾಸಗಳನ್ನು ಕನ್ನಡ ಪಠ್ಯದ ಮೇಲೂ ನಡೆಸುವಂತೆ ವ್ಯವಸ್ಥೆಗೊಳಿಸುವ ಬಗ್ಗೆ.

ಮಾನ್ಯರೇ,

ಉತ್ತರಹಳ್ಳಿಯಿಂದ ಚನ್ನಸಂದ್ರವನ್ನು ಹಾದು ಕೆಂಗೇರಿಯ ಕಡೆಗೆ ಸಾಗುವ, ಈಗ ಡಾ. ವಿಷ್ಣುವರ್ಧನ್ ಅವರ ಹೆಸರನ್ನು ಧರಿಸಿರುವ ರಸ್ತೆಯ ಮಗ್ಗುಲಲ್ಲಿಯೂ, ಇತ್ತ ಬನಶಂಕರಿ, ಕುಮಾರಸ್ವಾಮಿ ಬಡಾವಣೆ ಮತ್ತು ಕನಕಪುರ ರಸ್ತೆಯ ದಿಕ್ಕುಗಳಲ್ಲಿಯೂ ತಮ್ಮ ವಿಶ್ವವಿದ್ಯಾಲಯದ ಸಂಯೋಜನೆಗೆ ಒಳಪಟ್ಟ ಎಂಜಿನಿಯರಿಂಗ್ ಕಾಲೇಜುಗಳು ಹಲವು ಇರುವುದರಿಂದ, ನಮ್ಮ ಊರಿನ ಮನೆಗಳಲ್ಲಿ ಪ್ರಥಮ ವರ್ಷದ ಲ್ಯಾಬ್ ರೆಕಾರ್ಡು ಬರೆಯುತ್ತ ಕುಳಿತ ಮಗನೋ ಮಗಳೋ ಬಾಡಿಗೆಗೆ ಬಂದ ವಿದ್ಯಾರ್ಥಿಯೋ ಇರುವುದು ವಿಶೇಷವಲ್ಲ. ಆ ರೆಕಾರ್ಡುಗಳ ಕೊನೆಯ ಪುಟಗಳಲ್ಲಿ ಬರುವ, ಅಲ್ಪವೆಂದು ತೋರುವ ಒಂದು ವಿಷಯವನ್ನು ಕುರಿತು ಈ ದೀರ್ಘವಾದ ಮನವಿಯನ್ನು ತಮ್ಮ ಅವಗಾಹನೆಗೆ ತರಲು ನಾವು ಧೈರ್ಯಮಾಡಿದ್ದೇವೆ.

ತಮ್ಮ 2022ರ ಪಠ್ಯಯೋಜನೆಯಲ್ಲಿ ಸಿ ಭಾಷೆಯ ಪ್ರಯೋಗಪಟ್ಟಿಯು, ಮೂಲ ಕಡತದ ಹೆಸರನ್ನೂ ಪ್ರತಿಯ ಹೆಸರನ್ನೂ ಕೇಳಿ ಪಡೆದು ಒಂದು ಪಠ್ಯ ಕಡತವನ್ನು ಇನ್ನೊಂದಕ್ಕೆ ನಕಲು ಮಾಡುವ ಪ್ರೋಗ್ರಾಮನ್ನು ಒಳಗೊಂಡಿದೆ. ಅದೇ ಪ್ರಥಮ ವರ್ಷದಲ್ಲಿಯೇ ಕನ್ನಡ ಬಲ್ಲವರಿಗೆ ಸಾಂಸ್ಕೃತಿಕ ಕನ್ನಡವೂ ಅರಿಯದವರಿಗೆ ಬಳಕೆ ಕನ್ನಡವೂ ಪಾಠವಾಗುತ್ತವೆ. ಎರಡೂ ಶ್ಲಾಘ್ಯವಾದ ಏರ್ಪಾಡುಗಳೇ. ಆದರೆ ಒಂದೇ ವೇಳಾಪಟ್ಟಿಯಲ್ಲಿ ನೆರೆಹೊರೆಯಾಗಿರುವ ಈ ಎರಡು ವಿಷಯಗಳು ಪರಸ್ಪರ ಮುಖ ನೋಡುವ ಪ್ರಸಂಗವೇ ಬರುವುದಿಲ್ಲ. ವಿದ್ಯಾರ್ಥಿಯು ಒಂದೆರಡು ಇಂಗ್ಲಿಷ್ ವಾಕ್ಯಗಳ ಕಡತವನ್ನು ಸಿದ್ಧಮಾಡಿಕೊಳ್ಳುತ್ತಾನೆ. ಪ್ರೋಗ್ರಾಂ ಅದನ್ನು ಓದುತ್ತದೆ, ಔಟ್‌ಪುಟ್ ಬರುತ್ತದೆ, ರೆಕಾರ್ಡಿಗೆ ಸಹಿಯೂ ಬೀಳುತ್ತದೆ. ಕಡತವೆಂದರೆ ಅಕ್ಷರಗಳ ಸಾಲು ಎಂಬ ಭಾವನೆ ಅವನ ಮನಸ್ಸಿನಲ್ಲಿ ಭದ್ರವಾಗಿ ನೆಲೆಗೊಳ್ಳುತ್ತದೆ. ಕಡತವು ಅಕ್ಷರಗಳ ಸಾಲಲ್ಲ, ಬೈಟುಗಳ ಸಾಲು. ಇಂಗ್ಲಿಷಿನಲ್ಲಿ ಒಂದಕ್ಷರವು ಒಂದು ಬೈಟಿನಲ್ಲಿ ಅಡಗುತ್ತದೆಂಬ ಅನುಕೂಲದಿಂದ ಈ ತಪ್ಪು ಬಯಲಾಗದೆ ಉಳಿದುಬಿಡುತ್ತದೆ; ಕನ್ನಡದ ಒಂದೇ ಪದವನ್ನು ಕಡತದಲ್ಲಿ ಇಟ್ಟೊಡನೆ ಬಯಲಾಗುತ್ತದೆ.

ನಮ್ಮ ಊರಿನ ಹೆಸರನ್ನೇ ತೆಗೆದುಕೊಳ್ಳಬಹುದು. ‘ಉತ್ತರಹಳ್ಳಿ’ ಎಂಬುದು ಉಚ್ಚರಿಸುವವನಿಗೆ ಐದಕ್ಷರ: ಉ, ತ್ತ, ರ, ಹ, ಳ್ಳಿ. ಯುನಿಕೋಡ್ ಸಂಕೇತಗಳ ಲೆಕ್ಕದಲ್ಲಿ, ಎರಡು ಒತ್ತಕ್ಷರಗಳಿಗೆ ಬೇಕಾದ ಹಲಂತ ಚಿಹ್ನೆಗಳೂ ಕೊನೆಯ ಗುಣಿತವೂ ಸೇರಿ ಅದು 10. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟು ತಗಲುವುದರಿಂದ ಕಡತದೊಳಗೆ ಅದು 30 ಬೈಟು. ಸ್ಟ್ರ್‌ಲೆನ್ ಎಂಬ ಫಂಕ್ಷನ್ನನ್ನು ಕೇಳಿದರೆ 30 ಎಂದೇ ಉತ್ತರಿಸುತ್ತದೆ. ಇನ್ನು, ಆರಂಭದ ಅಭ್ಯಾಸಗಳಲ್ಲೆಲ್ಲ ವಾಡಿಕೆಯಾಗಿರುವಂತೆ ಹೆಸರಿಗೆಂದು 20 ಬೈಟುಗಳ ಅರೇಯನ್ನು ಕಾದಿರಿಸಿ ಎಫ್‌ಗೆಟ್ಸ್‌ನಿಂದ ಓದಿದರೆ, ಅದು ಕೊನೆಯ ಶೂನ್ಯಕ್ಕೆ ಒಂದನ್ನು ಬಿಟ್ಟು 19 ಬೈಟುಗಳನ್ನು ತುಂಬಿಕೊಳ್ಳುತ್ತದೆ. ಮೊದಲ ಆರು ಸಂಕೇತಗಳಿಗೆ 18 ಸಂದು, ಏಳನೆಯದಾದ ಳಕಾರದ ಮೂರು ಬೈಟುಗಳಲ್ಲಿ ಒಂದು ಮಾತ್ರ ಒಳಬಂದು, ತೆರೆಯ ಮೇಲೆ ‘ಉತ್ತರಹ’ ಎಂಬುದರ ಮುಂದೆ ಅರ್ಥವಿಲ್ಲದ ಗುರುತೊಂದು ಕಾಣಿಸುತ್ತದೆ. ಹೋಬಳಿಯ ಹೆಸರಿಗೇ ಈ ಗತಿಯಾದರೆ, ಅದಕ್ಕಿಂತಲೂ ಉದ್ದವಾದ ಖಾತೆದಾರರ ಹೆಸರುಗಳ ಗತಿಯನ್ನು ಊಹಿಸಬಹುದು. 2000ದ ಸುಮಾರಿಗೆ ಆರಂಭವಾದ ಭೂಮಿ ಯೋಜನೆಯಿಂದ ಈಚೆಗೆ ಈ ರಾಜ್ಯದ ಪಹಣಿಗಳು ಕನ್ನಡದಲ್ಲಿಯೇ ಗಣಕಯಂತ್ರಕ್ಕೆ ಸೇರಿವೆ. ಅಂತಹ ದಾಖಲೆಗಳನ್ನು ಓದುವ, ವಿಂಗಡಿಸುವ, ಮುದ್ರಿಸುವ ಪ್ರೋಗ್ರಾಮುಗಳನ್ನು ಮುಂದೆ ಬರೆಯತಕ್ಕವರು ಇಂದು ತಮ್ಮ ಲ್ಯಾಬುಗಳಲ್ಲಿ ಕುಳಿತಿರುವವರೇ.

ಇನ್ನೊಂದು ನಿದರ್ಶನವನ್ನು ತಮ್ಮ ಮುಂದಿಡಲು ನಮಗೆ ವಿಶೇಷವಾದ ಆಸೆಯಿದೆ. ಹಿಂದುಮುಂದಾಗಿ ಓದಿದರೂ ಒಂದೇ ಆಗುವ ಪದವನ್ನು ಗುರುತಿಸುವುದು ಸಿ ಭಾಷೆಯ ಆರಂಭಿಕರಿಗೆ ಕೊಡುವ ಚಿರಪರಿಚಿತ ಅಭ್ಯಾಸ. ಕನ್ನಡದ ಮಗುವಿಗೆ ತೆನಾಲಿ ರಾಮಕೃಷ್ಣನ ಕಥೆಯೊಡನೆಯೇ ಬರುವ ‘ವಿಕಟಕವಿ’ಯನ್ನು ಕಡತದಿಂದ ಓದಿಸಿ ಈ ಪರೀಕ್ಷೆಗೆ ಒಡ್ಡಿದರೆ, ಪಠ್ಯಪುಸ್ತಕದ ಪ್ರೋಗ್ರಾಂ ಅದನ್ನು ತಿರಸ್ಕರಿಸುತ್ತದೆ. ‘ಕನಕ’ ಎಂಬ ಗುಣಿತವಿಲ್ಲದ ಸರಳ ಪದವನ್ನು ಕೊಟ್ಟರೂ ತಿರಸ್ಕರಿಸುತ್ತದೆ, ಏಕೆಂದರೆ ಅದು ಬೈಟುಗಳನ್ನು ತಿರುವಿ ಹಾಕುತ್ತದೆಯೇ ಹೊರತು ಅಕ್ಷರಗಳನ್ನಲ್ಲ. ಮೂರು ಮೂರು ಬೈಟುಗಳನ್ನು ಒಂದು ಸಂಕೇತವಾಗಿ ಕೂಡಿಸಿಕೊಳ್ಳುವಂತೆ ವಿದ್ಯಾರ್ಥಿ ಅದನ್ನು ತಿದ್ದಿದನೆಂದರೆ ‘ಕನಕ’ ಉತ್ತೀರ್ಣವಾಗುತ್ತದೆ; ‘ವಿಕಟಕವಿ’ ಆಗಲೂ ಅನುತ್ತೀರ್ಣ, ವಕಾರದ ಮುಂದಿನ ಗುಣಿತವು ತಿರುವಿದಾಗ ವಕಾರಕ್ಕಿಂತ ಮೊದಲೇ ಬಂದು ನಿಲ್ಲುವುದರಿಂದ. ವ್ಯಂಜನ, ಅದರ ಒತ್ತು, ಅದರ ಗುಣಿತ ಇವನ್ನು ಒಂದು ಅಕ್ಷರವಾಗಿ ಹಿಡಿಯುವ ಮೂರನೆಯ ಮೆಟ್ಟಿಲನ್ನು ಹತ್ತಿದ ಮೇಲೆಯೇ ಅದು ಗೆಲ್ಲುತ್ತದೆ. ಬೈಟು, ಸಂಕೇತ, ಅಕ್ಷರ ಎಂಬ ಈ ಮೂರು ಸ್ತರಗಳ ಭೇದವನ್ನು ಇಷ್ಟು ಅಗ್ಗವಾಗಿ, ಇಷ್ಟು ವಿನೋದವಾಗಿ ಕಲಿಸಿಕೊಡುವ ಸಾಮಗ್ರಿ ಇಂಗ್ಲಿಷ್ ಪದಗಳಲ್ಲಿ ದೊರೆಯುವುದಿಲ್ಲ. ಆದುದರಿಂದ ನಮ್ಮ ಪ್ರಾರ್ಥನೆಯನ್ನು ಕೇವಲ ಭಾಷಾಭಿಮಾನದ ಕೂಗೆಂದು ತಾವು ಬಗೆಯಬಾರದು. ಅಭಿಮಾನವೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅಭಿಮಾನವೊಂದೇ ಇದ್ದಿದ್ದರೆ ಸಾಂಸ್ಕೃತಿಕ ಕನ್ನಡದ ಪಾಠಕ್ಕೆ ಇನ್ನೊಂದು ಅಧ್ಯಾಯವನ್ನು ಕೇಳಿ ಸುಮ್ಮನಾಗುತ್ತಿದ್ದೆವು.

ಸಿ ಭಾಷೆಯು ಕನ್ನಡಕ್ಕೆ ಒಗ್ಗದು, ಅದಕ್ಕಾಗಿ ಬೇರೆ ಭಾಷೆ ಬೇಕೆಂದು ವಾದಿಸುವವರುಂಟು. ಈ ಆಕ್ಷೇಪಣೆ ನಿಲ್ಲತಕ್ಕದ್ದಲ್ಲ. ಡೆನಿಸ್ ರಿಚಿ ಬೆಲ್ ಲ್ಯಾಬ್ಸ್‌ನಲ್ಲಿ 1972ರ ಸುಮಾರಿಗೆ ಸಿ ಭಾಷೆಯನ್ನು ರೂಪಿಸಿದಾಗ ಕನ್ನಡವು ಯಾರ ಗಮನದಲ್ಲಿಯೂ ಇರಲಿಲ್ಲವೆಂಬುದು ನಿಜ. ಕನ್ನಡವು ಯುನಿಕೋಡಿನ ಮೊದಲ ಆವೃತ್ತಿಗೆ ಸೇರಿದ್ದು 1991ರಲ್ಲಿ. ಆದರೆ ಮರುವರ್ಷ, ರಿಚಿಯ ಸಹೋದ್ಯೋಗಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಯುಟಿಎಫ್-8 ಪದ್ಧತಿಯನ್ನು ಕಲ್ಪಿಸಿದಾಗ, ಹಳೆಯ ಸಿ ಪ್ರೋಗ್ರಾಮುಗಳು ಕೆಡದಂತೆ ನೋಡಿಕೊಳ್ಳುವುದೇ ಅವರ ಉದ್ದೇಶಗಳಲ್ಲೊಂದಾಗಿತ್ತು. ಕನ್ನಡದ ಸಂಕೇತದೊಳಗಿನ ಯಾವ ಬೈಟೂ ಅಲ್ಪವಿರಾಮವನ್ನಾಗಲಿ ಸಾಲಿನ ಕೊನೆಯ ಗುರುತನ್ನಾಗಲಿ ಹೋಲುವುದಿಲ್ಲ. ಆದಕಾರಣ ಸಾಲುಸಾಲಾಗಿ ಓದುವ, ಅಲ್ಪವಿರಾಮದಲ್ಲಿ ಕತ್ತರಿಸುವ ಪ್ರೋಗ್ರಾಂ ಕನ್ನಡದ ಕಡತದ ಮೇಲೆಯೂ ಸರಿಯಾಗಿ ನಡೆಯುತ್ತದೆ. ತಮ್ಮ ಪಟ್ಟಿಯ ನಕಲು ಪ್ರೋಗ್ರಾಮಂತೂ ಒಂದು ಬೈಟನ್ನು ಓದಿ ಒಂದು ಬೈಟನ್ನು ಬರೆಯುವುದಾದ್ದರಿಂದ ಕುಮಾರವ್ಯಾಸ ಭಾರತವನ್ನೇ ಕೊಟ್ಟರೂ ಒಂದು ಗುಣಿತವನ್ನೂ ಕಳೆಯದೆ ಪ್ರತಿಮಾಡಿಕೊಡುತ್ತದೆ. ನಕಲು ಮಾಡುವಾಗ ಕೆಡದ್ದು ಎಣಿಸುವಾಗ ಏಕೆ ಕೆಡುತ್ತದೆಂಬ ಪ್ರಶ್ನೆಯೇ ವೈವಾದಲ್ಲಿ ಕೇಳತಕ್ಕ ಪ್ರಶ್ನೆ.

ಮೇಲ್ಕಂಡ ಕಾರಣಗಳಿಂದ ನಾವು ಕೋರುವುದೇನೆಂದರೆ:

ಮೊದಲನೆಯದಾಗಿ, ಕಡತಕ್ಕೆ ಸಂಬಂಧಿಸಿದ ಪ್ರತಿಯೊಂದು ಅಭ್ಯಾಸಕ್ಕೂ ಇಂಗ್ಲಿಷಿನ ಮಾದರಿ ಕಡತದ ಜೊತೆಗೆ ಕನ್ನಡದ ಮಾದರಿ ಕಡತವೊಂದನ್ನು ವಿಶ್ವವಿದ್ಯಾಲಯವೇ ಒದಗಿಸಿ, ಎರಡರ ಮೇಲೂ ಪ್ರೋಗ್ರಾಂ ನಡೆಸಿ ತೋರಿಸುವುದನ್ನು ಕಡ್ಡಾಯಗೊಳಿಸಬೇಕು. ಇಂಗ್ಲಿಷ್ ಕಡತದಲ್ಲಿ ಸ್ವರವ್ಯಂಜನಗಳನ್ನು ಎಣಿಸುವ ಹಳೆಯ ಅಭ್ಯಾಸದ ಮಗ್ಗುಲಲ್ಲಿಯೇ, ಕನ್ನಡ ಕಡತದ ಸಂಕೇತಗಳನ್ನು ಎಣಿಸುವುದನ್ನು ಇಡಬಹುದು; 128ರಿಂದ 191ರ ವರೆಗಿನ ಬೆಲೆಯ ಬೈಟುಗಳನ್ನು ಲೆಕ್ಕಕ್ಕೆ ಹಿಡಿಯದೆ ಉಳಿದವನ್ನು ಎಣಿಸಿದರೆ ಆಯಿತೆಂಬ ಒಂದೇ ನಿಯಮ ಅದಕ್ಕೆ ಸಾಕು. ಮುಂದುವರಿದವರಿಗೆ ಛಂದಸ್ಸಿದೆ. ಭಾಮಿನೀ ಷಟ್ಪದಿಯ ಪದ್ಯವೊಂದನ್ನು ಕಡತದಿಂದ ಓದಿ, ಲಘುವಿಗೆ ಒಂದು, ಗುರುವಿಗೆ ಎರಡು ಎಂದು ಮಾತ್ರೆಗಳನ್ನು ಕೂಡಿಸಿ, ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ 14 ಮಾತ್ರೆಯೂ ಮೂರು ಮತ್ತು ಆರನೆಯ ಸಾಲುಗಳಲ್ಲಿ ಕೊನೆಯ ಗುರುವೂ ಸೇರಿ 23 ಮಾತ್ರೆಯೂ ಬರುವುದೇ ಎಂದು ಇನ್ನೊಂದು ಕಡತದಲ್ಲಿ ಬರೆದಿಡುವ ಪ್ರೋಗ್ರಾಂ, ಪ್ರೌಢಶಾಲೆಯಲ್ಲಿ ಪ್ರಸ್ತಾರ ಹಾಕಿ ಬಂದ ವಿದ್ಯಾರ್ಥಿಗೆ ಉತ್ತರವನ್ನು ಕೈಯಿಂದಲೇ ತಾಳೆನೋಡಲು ಅವಕಾಶಕೊಡುತ್ತದೆ. ಒತ್ತಕ್ಷರದ ಹಿಂದಿನ ಅಕ್ಷರ ಗುರುವಾಗುವ ನಿಯಮವನ್ನು ಅಳವಡಿಸುವಾಗ, ಮುಂದೇನು ಬರಲಿದೆಯೆಂದು ಇಣುಕಿ ನೋಡಿ ಓದಬೇಕಾದ ಅಗತ್ಯವನ್ನೂ ಅವನು ತಾನಾಗಿಯೇ ಕಂಡುಕೊಳ್ಳುತ್ತಾನೆ. ಕನ್ನಡವನ್ನರಿಯದ ವಿದ್ಯಾರ್ಥಿಗಳಿಗೆ ಛಂದಸ್ಸಿನ ಅಭ್ಯಾಸ ಐಚ್ಛಿಕವಾಗಿರಲಿ; ಎಣಿಕೆಯ ಅಭ್ಯಾಸಕ್ಕೆ ಕನ್ನಡ ಬರಬೇಕೆಂದೇನೂ ಇಲ್ಲ.

ಎರಡನೆಯದು ಅಂಕಗಳ ವಿಚಾರ. ಕಡತದ ಪ್ರೋಗ್ರಾಮಿಗೆ ಅಂಕ ಕೊಡುವಾಗ ಔಟ್‌ಪುಟ್ ಬಂದಿತೇ ಎಂಬುದನ್ನಷ್ಟೇ ನೋಡದೆ, ಅದು ಎಡವಬಹುದಾದ ಸ್ಥಳಗಳನ್ನು ವಿದ್ಯಾರ್ಥಿ ಬಲ್ಲನೇ ಎಂಬುದನ್ನೂ ನೋಡಬೇಕು. ಎಫ್‌ಈಓಎಫ್ ಎಂಬುದನ್ನು ಲೂಪಿನ ಬಾಗಿಲಲ್ಲಿ ಕಾವಲಿಗೆ ನಿಲ್ಲಿಸಿ ನಕಲು ಮಾಡುವ ಪದ್ಧತಿ ಎಷ್ಟೋ ರೆಕಾರ್ಡುಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿದುಬಂದಿದೆ. ಓದು ಒಮ್ಮೆ ವಿಫಲವಾದ ಮೇಲೆ ಮಾತ್ರ ಅದು ನಿಜವೆನ್ನುವುದರಿಂದ, ಪ್ರತಿಯ ತುದಿಯಲ್ಲಿ 255ರ ಬೆಲೆಯ ಹೆಚ್ಚಿನ ಬೈಟೊಂದು ಸೇರಿಬಿಡುತ್ತದೆ. ಇಂಗ್ಲಿಷ್ ಕಡತದಲ್ಲಿ ಇದು ಯಾರ ಕಣ್ಣಿಗೂ ಬೀಳದೆ ಹೋಗಬಹುದು. ಯುಟಿಎಫ್-8ರಲ್ಲಿ 255 ನಿಷಿದ್ಧವಾದ ಬೆಲೆಯಾದ್ದರಿಂದ, ಕನ್ನಡದ ಪ್ರತಿಯನ್ನು ತೆರೆದರೆ ಕೆಲವು ಎಡಿಟರುಗಳು ಇಡೀ ಕಡತವನ್ನೇ ಬೇರೆ ಲಿಪಿಯದೆಂದು ಬಗೆದು ಕಲಸುಮೇಲೋಗರ ಮಾಡಿ ತೋರಿಸುತ್ತವೆ. ಎಫ್‌ಗೆಟ್‌ಸಿ ಕೊಟ್ಟದ್ದನ್ನು ಇಂಟ್‌ನಲ್ಲಿ ಇಡದೆ ಕ್ಯಾರ್‌ನಲ್ಲಿ ಇಡುವುದೂ ಇಂತಹುದೇ: ಕನ್ನಡದ ಪ್ರತಿ ಸಂಕೇತದ ಮೊದಲ ಬೈಟಾದ 224 ಬಹುತೇಕ ಯಂತ್ರಗಳಲ್ಲಿ ಆಗ ಋಣಸಂಖ್ಯೆಯಾಗಿ, −32 ಎಂದು ಕಾಣುತ್ತದೆ, ಅದನ್ನು ಹಾಗೆಯೇ ಇಸ್‌ಆಲ್ಫಾ ಮೊದಲಾದವಕ್ಕೆ ಒಪ್ಪಿಸಿದರೆ ಏನಾಗುವುದೆಂದು ಸಿ ಭಾಷೆಯ ಮಾನಕವೇ ಭರವಸೆ ಕೊಡುವುದಿಲ್ಲ. ಇನ್ನು, ತಮ್ಮ ಪ್ರಯೋಗವು ಎರಡು ಹೆಸರುಗಳನ್ನು ಕೇಳುತ್ತದಷ್ಟೆ. ಕೈತಪ್ಪಿ ಎರಡಕ್ಕೂ ಒಂದೇ ಹೆಸರನ್ನು ಕೊಟ್ಟರೆ, ‘ಡಬ್ಲ್ಯೂ’ ವಿಧದಲ್ಲಿ ತೆರೆದ ಕ್ಷಣವೇ ಮೂಲ ಕಡತ ಬರಿದಾಗುತ್ತದೆ. ಎಫ್‌ಓಪನ್ ವಿಫಲವಾಯಿತೇ ಎಂದು ನೋಡುವುದಕ್ಕೂ, ಕೊನೆಗೆ ಕಡತವನ್ನು ಮುಚ್ಚುವುದಕ್ಕೂ, ಮೂಲ ಮತ್ತು ಪ್ರತಿಯ ಗಾತ್ರ ಸಮವೇ ಎಂದು ಪರೀಕ್ಷಿಸುವುದಕ್ಕೂ ಪ್ರತ್ಯೇಕವಾದ ಅಂಕಗಳಿರಬೇಕೆಂದು ಕೋರುತ್ತೇವೆ.

ಮೂರನೆಯದಾಗಿ, ಡಾಸ್ ಕಾಲದ ಟರ್ಬೊ ಸಿಯ ನೀಲಿ ತೆರೆಯು ಇಂದಿಗೂ ಅಲ್ಲಲ್ಲಿ ಬಳಕೆಯಲ್ಲಿದೆ. ಯುನಿಕೋಡ್ ಹುಟ್ಟುವ ಮೊದಲೇ ರೂಪುಗೊಂಡ ಆ ಸಾಧನದಲ್ಲಿ ಕನ್ನಡದ ಒಂದು ಸಾಲನ್ನೂ ಕಣ್ಣಾರೆ ನೋಡಲಾಗದು. ಲಿನಕ್ಸ್ ಮತ್ತು ಜಿಸಿಸಿ ಹಣವಿಲ್ಲದೆ ದೊರೆಯುತ್ತಿರುವಾಗ ಇದನ್ನು ಉಳಿಸಿಕೊಳ್ಳಲು ಕಾರಣವಿಲ್ಲ. ಸಂಯೋಜಿತ ಕಾಲೇಜುಗಳಿಗೆ ಸುತ್ತೋಲೆಯೊಂದು ಹೊರಟರೆ ಸಾಕು.

ನಾಲ್ಕನೆಯ ಬೇಡಿಕೆ ನಮ್ಮ ನಾಡಿಗೇ ವಿಶಿಷ್ಟವಾದುದು. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿ ತಂತ್ರಾಂಶದ ಹಳೆಯ, ಯುನಿಕೋಡ್ ಅಲ್ಲದ ಅಕ್ಷರಶೈಲಿಗಳಲ್ಲಿ ಬರೆದಿಟ್ಟ ಕಡತಗಳು ಸರ್ಕಾರಿ ಕಚೇರಿಗಳಲ್ಲಿ, ಮುದ್ರಣಾಲಯಗಳಲ್ಲಿ, ಲೇಖಕರ ಮನೆಗಳಲ್ಲಿ ರಾಶಿಯಾಗಿ ಉಳಿದಿವೆ. ಆ ಅಕ್ಷರಶೈಲಿಯಿಲ್ಲದ ಯಂತ್ರದಲ್ಲಿ ತೆರೆದರೆ ಅವು ಬರಿಯ ರೋಮನ್ ಲಿಪಿಯ ಗೊಂದಲ. ಇಂತಹ ಕಡತವನ್ನು ಬೈಟು ಬೈಟಾಗಿ ಓದಿ, ಒಂದು ಪಟ್ಟಿಯೊಡನೆ ಹೋಲಿಸಿ, ಯುಟಿಎಫ್-8ರಲ್ಲಿ ಇನ್ನೊಂದು ಕಡತಕ್ಕೆ ಬರೆಯುವ ಕೆಲಸಕ್ಕಿಂತ ಉತ್ತಮವಾದ ಓದುಬರಹದ ಅಭ್ಯಾಸವನ್ನು ನಾವು ಕಾಣೆವು. ಪರಿವರ್ತಕಗಳು ಈಗಾಗಲೇ ಇವೆಯಲ್ಲ ಎಂದು ಕೇಳಬಹುದು. ಇವೆ, ವಿಂಗಡಿಸುವ ಪ್ರೋಗ್ರಾಮುಗಳೂ ಸಾವಿರ ಇವೆ, ಆದರೂ ಪ್ರತಿ ವರ್ಷವೂ ವಿದ್ಯಾರ್ಥಿಗಳಿಂದ ಬರೆಸುತ್ತೇವೆ. ರೂಪದಲ್ಲಿ ಬಲಗಡೆ ಬರುವ ಅರ್ಕಾವತ್ತನ್ನು ಸಂಕೇತಕ್ರಮಕ್ಕೆ ತರುವ ತೊಡಕಿನಿಂದ ಇದು ಕಿರುಯೋಜನೆಯ ಗಾತ್ರಕ್ಕೆ ಸರಿಹೊಂದುತ್ತದೆ.

ಇನ್ನುಳಿದುದು ಕೈಪಿಡಿ. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು 2021ರಲ್ಲಿ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಎಂಜಿನಿಯರಿಂಗ್ ಬೋಧನೆಗೆ ಅನುಮತಿಯಿತ್ತಿದೆ. ಇಡೀ ಪದವಿಯನ್ನು ಕನ್ನಡದಲ್ಲಿ ಕಲಿಸುವ ದೊಡ್ಡ ಪ್ರಶ್ನೆಯನ್ನು ಇಲ್ಲಿ ಎತ್ತುವುದು ನಮ್ಮ ಉದ್ದೇಶವಲ್ಲ. ಕಡತದ ಅಭ್ಯಾಸಗಳ ಕೆಲವೇ ಪುಟಗಳನ್ನು ಕನ್ನಡ ವಿವರಣೆಯೊಡನೆ, ಪ್ರೋಗ್ರಾಮಿನ ಮಾತುಗಳನ್ನು ಇದ್ದಂತೆಯೇ ಉಳಿಸಿ, ಮುದ್ರಿಸಿಕೊಟ್ಟರೆ ಗ್ರಾಮಾಂತರದಿಂದ ಬಂದು ನಮ್ಮ ಬಡಾವಣೆಗಳ ಪೀಜಿಗಳಲ್ಲಿ ತಂಗಿರುವ ಮಕ್ಕಳಿಗೆ ಮಹದುಪಕಾರವಾದೀತು. ಪಾರಿಭಾಷಿಕ ಪದಗಳನ್ನು ಹೊಸದಾಗಿ ಟಂಕಿಸುವ ಉತ್ಸಾಹವನ್ನು ಮಾತ್ರ ದಯಮಾಡಿ ಹತೋಟಿಯಲ್ಲಿಡಬೇಕು. ಬೈಟು ಬೈಟಾಗಿಯೇ ಇರಲಿ.

ಈ ಕೋರಿಕೆಗಳಿಂದ ವಿಶ್ವವಿದ್ಯಾಲಯದ ಬೊಕ್ಕಸಕ್ಕೆ ಭಾರವೇನೂ ಬೀಳದಂತೆ, ಮಾದರಿ ಕಡತಗಳನ್ನೂ ಅವುಗಳ ಸರಿಯುತ್ತರಗಳನ್ನೂ ಸಿದ್ಧಪಡಿಸಿಕೊಡಲು ನಮ್ಮಲ್ಲಿನ ತಂತ್ರಾಂಶ ವೃತ್ತಿಯವರೂ ನಿವೃತ್ತ ಕನ್ನಡ ಅಧ್ಯಾಪಕರೂ ಸಂಭಾವನೆಯಿಲ್ಲದೆ ದುಡಿಯಲು ಸಿದ್ಧರಿದ್ದಾರೆ. ಪಠ್ಯಯೋಜನೆಯ ಮುಂದಿನ ಪರಿಷ್ಕರಣೆಯ ಸಭೆಗೆ ಮೊದಲು ಸಂಬಂಧಪಟ್ಟ ಅಧ್ಯಯನ ಮಂಡಳಿಯ ಮುಂದೆ ಈ ಅಭ್ಯಾಸಗಳನ್ನು ನಡೆಸಿ ತೋರಿಸಲು ನಮ್ಮ ಪ್ರತಿನಿಧಿಗಳಿಗೆ ಅರ್ಧ ಗಂಟೆಯ ಕಾಲಾವಕಾಶವನ್ನು ದಯಪಾಲಿಸಬೇಕೆಂದೂ, ಕೈಗೊಂಡ ನಿರ್ಣಯವನ್ನು ಲಿಖಿತವಾಗಿ ತಿಳಿಸಬೇಕೆಂದೂ ವಿನಯಪೂರ್ವಕವಾಗಿ ವಿಜ್ಞಾಪಿಸಿಕೊಳ್ಳುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಉತ್ತರಹಳ್ಳಿ ಹಾಗೂ ಸುತ್ತಣ ಬಡಾವಣೆಗಳ ಮನವಿದಾರರು
(ಸಹಿಗಳನ್ನು ಲಗತ್ತಿಸಿದೆ)

ಪ್ರತಿ: ಅಧ್ಯಕ್ಷರು, ಕನ್ನಡ ಅಭಿವೃದ್ಧಿ ಪ್ರಾಧಿಕಾರ, ಬೆಂಗಳೂರು — ಮಾಹಿತಿಗಾಗಿ ಹಾಗೂ ಸೂಕ್ತ ಕ್ರಮಕ್ಕಾಗಿ.