ತಲೆಯ ಲೆಕ್ಕ, ದಾರಿಯ ಲೆಕ್ಕ

ಅರಸೀಕೆರೆ ತಾಲ್ಲೂಕಿನ ಕಣಕಟ್ಟೆ ಹೋಬಳಿಗೂ ಸಿಂಹಳದ್ವೀಪಕ್ಕೂ ಏನು ನಂಟೆಂದು ವಾಚಕರು ಕೇಳಬಹುದು. ನಂಟು ಇದೆ, ಅದು ಆರೋಗ್ಯ ಯೋಜನೆಯ ನಂಟು.

1926ರಲ್ಲಿ ಸಿಂಹಳದ ಕಳುತರ ಎಂಬಲ್ಲಿ ಅಮೆರಿಕೆಯ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಒಂದು ಆರೋಗ್ಯ ಘಟಕ ಆರಂಭವಾಯಿತು. ರೋಗಿಯು ತಾನಾಗಿ ಬರಲೆಂದು ಕಾದಿರದೆ, ಒಂದು ಸೀಮೆಯನ್ನು ಗೊತ್ತುಮಾಡಿಕೊಂಡು ಅಲ್ಲಿಯ ಮನೆಮನೆಗೂ ಹೋಗುವುದು ಅದರ ಪದ್ಧತಿ. ಬಸುರಿಯರ ಆರೈಕೆ, ಹುಟ್ಟುಸಾವುಗಳ ದಾಖಲೆ, ಬಾವಿಯ ನೀರು, ಕಕ್ಕಸು, ದೇವಿ ಹಾಕುವುದು, ಇವೆಲ್ಲವೂ ಒಂದೇ ತಂಡದ ಹೊಣೆ. ಮೂರು ವರ್ಷಗಳ ತರುವಾಯ, 1929ರಲ್ಲಿ, ಅದೇ ಪ್ರತಿಷ್ಠಾನದ ಸಹಕಾರದಿಂದ ಮೈಸೂರು ಸಂಸ್ಥಾನವು ಮಂಡ್ಯದಲ್ಲಿ ಅಂಥದೊಂದು ಘಟಕವನ್ನು ತೆರೆಯಿತು. ದ್ವೀಪದ ಬೀಜ ಕಾವೇರಿಯ ಬಯಲಿಗೂ ಬಂದಿತ್ತು.

ಮುಂದೆ ಸರ್ ಜೋಸೆಫ್ ಭೋರ್ ಅವರ ಸಮಿತಿ 1946ರಲ್ಲಿ ಇಡೀ ದೇಶಕ್ಕೆ ಲೆಕ್ಕ ಹಾಕಿತು: ಮೊದಲಿಗೆ 40,000 ಜನಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ; ಅದರಲ್ಲಿ ಇಬ್ಬರು ವೈದ್ಯರು, ನಾಲ್ವರು ಸಾರ್ವಜನಿಕ ಆರೋಗ್ಯ ದಾದಿಯರು, ನಾಲ್ವರು ಸೂಲಗಿತ್ತಿಯರು. 1952ರಲ್ಲಿ ಸಮುದಾಯ ಅಭಿವೃದ್ಧಿ ಯೋಜನೆ ಬಂದ ಮೇಲೆ ಕೇಂದ್ರಗಳೇನೋ ಎದ್ದವು, ಆದರೆ ಬ್ಲಾಕಿಗೊಂದರಂತೆ. ಅರವತ್ತು ಸಾವಿರವೋ ಅದಕ್ಕೂ ಮಿಗಿಲೋ ಜನ ಒಂದೇ ಬಾಗಿಲಿಗೆ ಬಂದು ನಿಲ್ಲಬೇಕಾಯಿತು.

ಈಗಿನ ನಿಯಮ ಅದಕ್ಕಿಂತ ಉದಾರವಾದುದು: ಬಯಲುಸೀಮೆಯಲ್ಲಿ 30,000 ಜನಕ್ಕೊಂದು ಕೇಂದ್ರ, 5,000ಕ್ಕೊಂದು ಉಪಕೇಂದ್ರ, ಗುಡ್ಡಗಾಡಿನಲ್ಲಿ 20,000 ಮತ್ತು 3,000. ಸಕಲೇಶಪುರದ ಕಡೆ ಬೆಟ್ಟವಿದೆ, ದಾರಿಯ ಕಷ್ಟ ಯಾರ ಕಣ್ಣಿಗಾದರೂ ಬೀಳುತ್ತದೆ. ಅದೇ ಹಾಸನ ಜಿಲ್ಲೆಯ ಕಣಕಟ್ಟೆಯ ಕಡೆ ನೆಲ ಬಯಲು, ಮಳೆ ಕಡಿಮೆ, ತೆಂಗಿನ ತೋಟಗಳ ನಡುವೆ ಊರುಗಳು ದೂರ ದೂರ. ತಲೆ ಎಣಿಸುವವನಿಗೆ ಇದು ಸುಲಭದ ಸೀಮೆ. ನಡುರಾತ್ರಿ ನೋವು ಬಂದ ಹೆಂಗಸಿಗೆ ನೆಲ ಸಮತಟ್ಟಾಗಿರುವುದರಿಂದ ಆಗುವ ಉಪಕಾರವೇನು? ಅವಳಿಗೆ ಬೇಕಾದುದು ಅರಸೀಕೆರೆ ಎಷ್ಟು ಮೈಲಿ, ಗಾಡಿ ಎಲ್ಲಿದೆ ಎಂಬ ಲೆಕ್ಕ. ಅದು ಯೋಜನೆಯ ಕಾಗದದಲ್ಲಿ ಬಹುಶಃ ಕೊನೆಯ ಪುಟದಲ್ಲಿರುತ್ತದೆ!

ಸಿಂಹಳವು ಕಳುತರದ ಪಾಠವನ್ನು ಬಿಡಲಿಲ್ಲ. ದ್ವೀಪವನ್ನೆಲ್ಲ ಅಂಥ ಸೀಮೆಗಳಾಗಿ ವಿಂಗಡಿಸಿ, ಸುಮಾರು 3,000 ಜನಕ್ಕೊಬ್ಬಳಂತೆ ತರಬೇತಿ ಪಡೆದ ಸೂಲಗಿತ್ತಿಯನ್ನು ನೇಮಿಸಿತು. ಹಣದಲ್ಲಿ ಶ್ರೀಮಂತವಲ್ಲದ ಆ ನಾಡಿನಲ್ಲಿ ಬಾಣಂತಿಯರ ಸಾವು ನಮ್ಮ ದೇಶಕ್ಕಿಂತ ಬಹಳ ಕಡಿಮೆ.

ಹಾಗೆಂದು ಅಲ್ಲಿಯವರು ಎಡವಲಿಲ್ಲವೆಂದಲ್ಲ. 1934-35ರ ಮಲೇರಿಯಾ ಮಾರಿಗೆ ಆ ದ್ವೀಪದಲ್ಲಿ ಸುಮಾರು 80,000 ಮಂದಿ ಬಲಿಯಾಗಿದ್ದರು. 1946ರಿಂದ ಡಿಡಿಟಿ ಸಿಂಪಡಿಸಿದ ಫಲವಾಗಿ 1963ರಲ್ಲಿ ಇಡೀ ನಾಡಿನಲ್ಲಿ ಕಂಡುಬಂದದ್ದು ಕೇವಲ 17 ಪ್ರಕರಣ. ಇನ್ನೇನು, ಗೆದ್ದೆವೆಂದು ಸಿಂಪಡಣೆ ನಿಂತಿತು, ಕಾವಲು ಸಡಿಲವಾಯಿತು. 1968-69ರಲ್ಲಿ ರೋಗಿಗಳ ಸಂಖ್ಯೆ ಲಕ್ಷಗಳಿಗೆ ಏರಿತು. ಡಿಡಿಟಿಗೆ ಸೊಳ್ಳೆಯೂ ಕ್ರಮೇಣ ಒಗ್ಗಿಕೊಂಡಿತು. ವಿಶ್ವ ಆರೋಗ್ಯ ಸಂಸ್ಥೆಯಿಂದ ಮಲೇರಿಯಾಮುಕ್ತವೆಂಬ ಪ್ರಮಾಣಪತ್ರ ಬರಲು 2016ರವರೆಗೆ ಕಾಯಬೇಕಾಯಿತು. ರೋಗವಿಲ್ಲದ ವರ್ಷದಲ್ಲಿ ಆರೋಗ್ಯದ ಹಣಕ್ಕೆ ಕತ್ತರಿ ಹಾಕುವ ಆಸೆ ಯಾವ ಖಜಾನೆಗೆ ಇರುವುದಿಲ್ಲ?

ನಮ್ಮಲ್ಲಿಯೂ 2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಲ್ಲಿ 1,000 ಜನಕ್ಕೊಬ್ಬಳಂತೆ 'ಆಶಾ' ಕಾರ್ಯಕರ್ತೆಯ ಏರ್ಪಾಡಾಯಿತು. ಸಂಖ್ಯೆ ನೋಡಿದರೆ ಸಿಂಹಳಕ್ಕಿಂತ ನಾವೇ ಮುಂದು. ಆಕೆ ಅದೇ ಊರಿನ ಹೆಣ್ಣುಮಗಳು. ಯಾವ ಮನೆಯಲ್ಲಿ ಬಸುರಿ, ಯಾವ ಮಗುವಿಗೆ ಜ್ವರ ಎಂಬುದನ್ನು ಬಲ್ಲವಳು. ಆದರೆ ಸಿಂಹಳದ ಸೂಲಗಿತ್ತಿ ತಿಂಗಳ ಸಂಬಳದ ಸರ್ಕಾರಿ ನೌಕರಳು. ನಮ್ಮ 'ಆಶಾ' ಯೋಜನೆಯ ಕಾಗದದಲ್ಲಿ ಸ್ವಯಂಸೇವಕಿ, ಗೌರವಧನ ಮತ್ತು ಪ್ರೋತ್ಸಾಹಧನದ ಮೇಲೆ ದುಡಿಯುವವಳು.