ಹುಂಚದ ಕಥೆ ಬರೀ ಚಿನ್ನದ್ದಲ್ಲ ಸ್ವಾಮಿ!

ಮೊನ್ನೆ ಹುಂಚಕ್ಕೆ ಹೋಗಿದ್ದೆ. ಪದ್ಮಾವತಿ ಅಮ್ಮನವರ ಗುಡಿ ಹತ್ರ ಒಬ್ಬರು ಜೊತೆಗಿದ್ದ ಮಕ್ಕಳಿಗೆ ಸ್ಥಳಪುರಾಣ ಹೇಳ್ತಾ ಇದ್ರು. "ಇಲ್ಲಿ ಕಬ್ಬಿಣ ಚಿನ್ನ ಆಗ್ತಿತ್ತಂತೆ. ದೇವಿಯ ಬಲಗಡೆಯಿಂದ ಹೂ ಬಿದ್ರೆ ಅಂದ್ಕೊಂಡಿದ್ದು ಆಗತ್ತಂತೆ. ಬನ್ನಿ, ಊಟಕ್ಕೆ ಹೊತ್ತಾಯ್ತು..." ಮುಗೀತು ಕಥೆ!

ಸಿಟ್ಟು ಬಂತು. ಅವರ ಮೇಲಲ್ಲ, ನಮ್ಮ ಮೇಲೇ. ಆ ಕಥೇನ ಅಷ್ಟಕ್ಕೆ ಇಳಿಸಿದವರು ನಾವೇ ಅಲ್ವಾ?

ಕಥೆ ಶುರುವಾಗೋದು ಚಿನ್ನದಿಂದಲ್ಲ, ಊರು ಬಿಟ್ಟು ಓಡಿಬಂದವನಿಂದ. ಉತ್ತರ ಮಧುರೆಯ ರಾಜಕುಮಾರ ಜಿನದತ್ತ. ಹೆತ್ತ ಅಪ್ಪನೇ ಕೊಲ್ಲೋಕೆ ನಿಂತಾಗ ಪದ್ಮಾವತಿಯ ಮೂರ್ತಿ ಜೊತೆ ದಕ್ಷಿಣಕ್ಕೆ ಹೊರಟ. ದಣಿದು ಮಲಗಿದ್ದು ಇಲ್ಲಿಯ ಲಕ್ಕಿ ಗಿಡದ ಕೆಳಗೆ. ಇಲ್ಲೇ ನೆಲೆ ನಿಲ್ಲು ಅಂತ ದೇವಿ ಹೇಳಿದಳಂತೆ. ಚಿನ್ನ ಬೇಕಾಗಿದ್ದು ಊರು ಕಟ್ಟೋ ಖರ್ಚಿಗೆ :)

"ಅದೆಲ್ಲ ಕಟ್ಟುಕಥೆ, ಶಾಸನ ಮಾತ್ರ ನಂಬಿ" ಅನ್ನೋ ಬುದ್ಧಿವಂತರಿದ್ದಾರೆ. ಸರಿ, ಶಾಸನವನ್ನೇ ನೋಡಿ. ಹುಂಚ ಆಳಿದ ಸಾಂತರರು ತಾವು ಜಿನದತ್ತನ ವಂಶದವರು ಅಂತ ಕಲ್ಲಲ್ಲೇ ಬರೆಸಿದ್ರು. ಕಥೆ ನಿಜವೋ ಸುಳ್ಳೋ, ಅದನ್ನ ಹೇಳಿಕೊಂಡೇ ಅವರು ಒಂದಾಗಿದ್ದು. ಇನ್ನು 1077ರ ಪಂಚಕೂಟ ಬಸದಿ. ಅದನ್ನ ಕಟ್ಟಿಸಿದ ಚಟ್ಟಲದೇವಿ, ಒಡಹುಟ್ಟಿದವಳು ತೀರಿಹೋದ ಮೇಲೆ ಅವಳ ನಾಲ್ಕು ಗಂಡುಮಕ್ಕಳನ್ನ ತನ್ನ ಮಕ್ಕಳ ಹಾಗೆ ಸಾಕಿದವಳು. ರೈಸ್ ಸಾಹೇಬರು ಈ ಶಾಸನಗಳನ್ನ 1904ರಲ್ಲೇ ಅಚ್ಚು ಹಾಕಿಸಿದ್ದಾರೆ. ನಮ್ಮೂರ ಎಷ್ಟು ಮಕ್ಕಳಿಗೆ ಆಕೆಯ ಹೆಸರು ಗೊತ್ತು ಹೇಳಿ?

ಊರು ಕಳ್ಕೊಂಡು ಬಂದವನು, ಬೇರೆಯವಳ ಮಕ್ಕಳನ್ನ ಸಾಕಿದವಳು... ಇಂಥ ಇಬ್ಬರ ಕಥೆ ಮೇಲೆ ನಿಂತಿರೋ ಊರು ಇದು. ಪವಾಡ ಅಂದ್ರೆ ಯಾತ್ರಿಕರು ಬರ್ತಾರೆ, ಕೈ ಮುಗೀತಾರೆ, ಬಸ್ ಹತ್ತುತ್ತಾರೆ. ತಪ್ಪೇನಿಲ್ಲ. ಆದ್ರೆ ಅದರಿಂದ ಸಮುದಾಯ ಬೆಳೆಯಲ್ಲ. "ಇದು ನನ್ನ ಕಥೆಯೂ ಹೌದು" ಅಂತ ಕೇಳಿದವನಿಗೆ ಅನ್ನಿಸಬೇಕು, ಆಗ ಬೆಳೆಯತ್ತೆ.

ಅನ್ನಿಸೋಕೆ ಕಷ್ಟವೇನೂ ಇಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯ್ತು, ಶರಾವತಿ ಕಣಿವೆಯ ಊರೂರೇ ಮುಳುಗಿದ್ವು. ಪಾತ್ರೆ, ದೇವರು, ದನಕರು ಕಟ್ಕೊಂಡು ಹೊರಟವರ ಮೊಮ್ಮಕ್ಕಳು ಈ ಸೀಮೆಯಲ್ಲೇ ಇದ್ದಾರೆ. ದೇವರನ್ನ ಹೊತ್ತು ಹೊಸ ನೆಲೆ ಹುಡುಕಿದ ಜಿನದತ್ತ ಅವರಿಗೆ ಅರ್ಥ ಆಗದೆ ಇನ್ಯಾರಿಗೆ ಆಗ್ತಾನೆ? ಅವರು ಜೈನರೇ ಆಗಿರಬೇಕು ಅಂತೇನಿದೆ?

ಮುಂದಿನ ಸಲ ಮಕ್ಕಳನ್ನ ಕರ್ಕೊಂಡು ಹೋದ್ರೆ ಲಕ್ಕಿ ಗಿಡದ ಹತ್ರ ಹತ್ತು ನಿಮಿಷ ಕೂರಿ. ಪೂರ್ತಿ ಕಥೆ ಹೇಳಿ. ಆಮೇಲೆ ಕೇಳಿ: "ನಮ್ಮ ಮನೆಯವರು ಎಲ್ಲಿಂದ ಬಂದ್ರು, ಗೊತ್ತಾ?"

ಊಟ ಸ್ವಲ್ಪ ತಡವಾದ್ರೂ ಪರವಾಗಿಲ್ಲ.